ನಾಲ್ಕು ಅಂಕದ ಪ್ರಶ್ನೆ

ಧಾರವಾಡ, ಮೌಲ್ಯಮಾಪನದ ಆರನೇ ದಿನ.
ಫ್ಯಾನು ತಿರುಗುತ್ತದೆ,
ಗಾಳಿ ಮಾತ್ರ ಬೇರೆ ಯಾರದೋ ಮೇಜಿಗೆ.
ಮೂವತ್ತೆರಡನೇ ಪ್ರಶ್ನೆ:
‘ಕವಿತೆಯಲ್ಲಿ ದೋಣಿ ಯಾವುದರ ಸಂಕೇತ? ವಿವರಿಸಿ.’
ಉತ್ತರಸೂಚಿ ಎದುರಿಗೇ ಇದೆ, ಮೂಲೆಗೆ ಚಹಾದ ಕಲೆ:
ಬದುಕಿನ ಪಯಣ, ಒಂದು ಅಂಕ.
ಎರಡು ದಡ, ಆಯ್ಕೆಯ ದ್ವಂದ್ವ, ಎರಡು.
ಭಾಷೆಗೆ ಒಂದು.

ಬೆಳಗಿನಿಂದ ಇಪ್ಪತ್ತಾರು ದೋಣಿ ದಾಟಿಸಿದ್ದೇನೆ,
ಎಲ್ಲ ಒಂದೇ ಗೈಡಿನ ಕಟ್ಟಿಗೆಯವು.
ಎಲ್ಲರೂ ದಡ ಮುಟ್ಟಿದರು.

ಇಪ್ಪತ್ತೇಳನೆಯದು ಒತ್ತಿ ಬರೆದ ಅಕ್ಷರ,
ಹಾಳೆಯ ಬೆನ್ನು ಸವರಿದರೆ ಬೆರಳಿಗೆ ಸಿಗುತ್ತದೆ:

‘ನಾನು ದೋಣಿ ನೋಡಿಲ್ಲ ಮೇಡಂ, ಅಥವಾ ಸರ್.
ನೋಡಿದ್ದನ್ನ ಬರೀತೀನಿ.
ದಸರಾ ಸೂಟಿಯಾಗ ಹತ್ತಿ ಹೊಲಕ್ಕ ಕ್ರಾಸಿಂಗಿಗೆ ಹೋಗ್ತೀವಿ,
ನಾನು, ನಮ್ಮ ಚಿಗವ್ವ.
ಸಂಜಿಕೆ, ನಾಳೆ ಅರಳೋ ಮೊಗ್ಗಿ ಹುಡುಕಿ
ಉಗುರಿಲೆ ಸುಲಿದು ಅದರ ಗಂಡು ತೆಗೀಬೇಕು.
ಮುಂಜಾನೆ ಬ್ಯಾರೆ ಸಾಲಿನ ಹೂ ತಂದು ಮುಟ್ಟಿಸಬೇಕು.
ಮುಟ್ಟಿಸಿದ್ದಕ್ಕ ಕೆಂಪು ದಾರ.
ದಾರ ಇದ್ದ ಕಾಯಿ ಕಂಪನಿಗೆ.
ದಾರ ಇಲ್ಲದ್ದೂ ಒಡೀತಾವ, ಅಷ್ಟ ಬೆಳ್ಳಗ.
ಅವನ್ನ ಬ್ಯಾರೆ ಚೀಲಕ್ಕ ತುಂಬ್ತಾರ, ತೂಕಕ್ಕ ಹಚ್ಚಂಗಿಲ್ಲ.

ಒಂದಿನ ದಾರ ತೀರಿತು.
ನನ್ನ ವೇಲಿನ ಅಂಚು ಎಳೆದು ಕಟ್ಟಿದೆ, ನೀಲಿ.
ಮೇಸ್ತ್ರಿ ಹನ್ನೊಂದು ಹೂವಿನ ಪಗಾರ ಮುರಕೊಂಡ.
ಕಾಯಿ ಮಾತ್ರ ಹನ್ನೊಂದೂ ನಿಂತವು.

ಇನ್ನೊಂದು ಮಾತು ಚಿಗವ್ವಗೂ ಹೇಳಿಲ್ಲ.
ಕಡೀ ಸಾಲಿನ ಒಂದು ಮೊಗ್ಗಿ ಬೇಕಂತನ ಬಿಟ್ಟೆ.
ಸುಲಿಲಿಲ್ಲ, ಕಟ್ಟಲಿಲ್ಲ.
ಏನ್ಮಾಡತೈತಿ ನೋಡಾಕ.
ಹಳದಿ ಇತ್ತು, ಮರುದಿನ ಕೆಂಪಾತು, ಆಮೇಲೆ ಬಿತ್ತು.
ಹಿಂದ ಕಾಯಿ ಇತ್ತು.
ಇದು ಯಾವುದರ ಸಂಕೇತ ನನಗ ತಿಳಿದಿಲ್ಲ.’

ರಾಣೇಬೆನ್ನೂರಿನ ಕಡೆಯ ಹುಡುಗಿ ಇರಬೇಕು.
ಹೆಸರಿನ ಜಾಗದಲ್ಲಿ ಬರೀ ಕಪ್ಪು ಗೆರೆಗಳ ಪಟ್ಟಿ.
ಪಕ್ಕದ ಹೊಸಮಠ ಸರ್‌ಗೆ ತೋರಿಸಿದೆ.
‘ದೋಣಿ ಎಲ್ಲೈತ್ರೀ ಇದರಾಗ?’
ಎಂದವರು ಎರಡು ಸಲ ಓದಿದರು,
ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.
‘ಸೂಚಿ ನೋಡಿ ಹಾಕ್ರಿ.’

ಇಪ್ಪತ್ತೆಂಟು ವರ್ಷ ಪಾಠ ಹೇಳಿದ್ದೇನೆ:
ದೀಪವೆಂದರೆ ಅರಿವು, ಹೊಳೆಯೆಂದರೆ ಕಾಲ,
ನಡುವೆ ಸೀಮೆಸುಣ್ಣದ ಸಮ ಚಿಹ್ನೆ.
ಅದರ ಎರಡು ಗೆರೆ ಎಂದೂ ಕೂಡುವುದಿಲ್ಲವಲ್ಲ
ಎಂದು ಒಬ್ಬರೂ ಕೇಳಲಿಲ್ಲ,
ನಾನೂ.

ನನ್ನದೂ ಒಂದಿದೆ, ದಾರವಿಲ್ಲದ ಕಾಯಿ.
ಆ ವರ್ಷ ಎರಡು ಅರ್ಜಿ ತುಂಬಿದ್ದೆ,
ಎಂ.ಎ.ಗೆ ಒಂದು, ಹುಬ್ಬಳ್ಳಿಯ ನರ್ಸಿಂಗಿಗೆ ಒಂದು.
ಒಂದನ್ನು ಲೈನ್ ಬಜಾರಿನ ಟಪಾಲು ಡಬ್ಬಿಗೆ ಹಾಕಿದೆ.
ಇನ್ನೊಂದು, ಚೀಟಿ ಹಚ್ಚಿದ್ದು,
ಟ್ರಂಕಿನ ತಳದ ಪೇಪರಿನ ಕೆಳಗೆ ಉಳಿಯಿತು.
ಆಯ್ದುಕೊಂಡೆ ಎಂದು ಎಲ್ಲರಿಗೂ ಹೇಳುತ್ತ ಬಂದೆ.
ಅವತ್ತು ಮಳೆಯಿತ್ತು, ಡಬ್ಬಿ ತುಂಬಿತ್ತು,
ಎರಡನೇ ಲಕೋಟೆ ಬಾಯಲ್ಲಿ ಹಿಡಿಯಲಿಲ್ಲ, ಅಷ್ಟೇ.

ಅವಳು ಮಾತ್ರ ಹಳೇ ಬಸ್‌ಸ್ಟ್ಯಾಂಡಿನಲ್ಲಿ
ಒಮ್ಮೊಮ್ಮೆ ಸಿಗುತ್ತಾಳೆ, ರಾತ್ರಿ ಪಾಳಿ ಮುಗಿಸಿ,
ಬಿಳಿ ಸೀರೆ, ಎಡಗಾಲು ಎಳೆಯುವ ನಡಿಗೆ ನನ್ನದೇ.
ನನ್ನನ್ನು ಕಂಡು ಬೆಂಚಿನಲ್ಲಿ ತುಸು ಸರಿದು ಕೂಡುತ್ತಾಳೆ.
ಯಾವ ತೂಕಕ್ಕೂ ಹತ್ತದೆ
ಅಷ್ಟೇ ಬೆಳ್ಳಗೆ ಒಡೆದವಳು.

ಕೆಂಪು ಪೆನ್ನಿನಿಂದ ಮೂರು ಹಾಕಿದೆ.
ಒಂದನ್ನು ಬಿಟ್ಟೆ.
ಮರೆತಲ್ಲ.

ಕಟ್ಟು ಕಟ್ಟಲು ದ್ಯಾಮಣ್ಣ
ದಾರದುಂಡೆ ಹಿಡಿದು ಬಂದು ನಿಂತ.
‘ಮುಗೀತೇನ್ರೀ ಅಕ್ಕಾವ್ರ?’
ಚೀಲದೊಳಗೆ ಕೈ ಹಾಕಿದ್ದೆ.
ನೀಲಿ ಪೆನ್ನು ಅಲ್ಲೇ ಇತ್ತು.